ಮೆಣಸಿನಕಾಯಿ ಎಂಬ ಹೆಸರಿಗೆ ನಾಚುವವರಿಗೆ

ನಿನ್ನೆ ಅಣ್ಣನ ಮಗನ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಜನನ ಪ್ರಮಾಣಪತ್ರದ ಮಾತು ಬಂತು. ಮಗುವಿಗೆ ಮನೆತನದ ಅಡ್ಡಹೆಸರನ್ನು ಬರೆಸುವುದಿಲ್ಲ, ತನ್ನ ಹೆಸರನ್ನೇ ಸರ್‌ನೇಮ್ ಮಾಡುತ್ತೇನೆ ಎಂದು ಅವನು ಹೇಳಿದ. ಕಾರಣ ಕೇಳಿದರೆ, "ಕಾಕಾ, ಬೆಂಗಳೂರಾಗ ಮೆಣಸಿನಕಾಯಿ ಅಂದ್ರ ಎಲ್ಲಾರೂ ನಗತಾರ" ಎಂದ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಮನೆಗೆ ಬಂದುಹೋದ ಗೆಳೆಯರಿಗೆ ಅಜ್ಜನ ಕೀರ್ದಿ ಪುಸ್ತಕಗಳು ನೆನಪಿರಬಹುದು. ಬ್ಯಾಡಗಿಯಿಂದ ತಂದ ಒಣಮೆಣಸಿನಕಾಯಿ ಚೀಲಗಳ ತೂಕ, ಗಾಡಿ ಬಾಡಿಗೆ, ಉದ್ರಿ ಒಯ್ದವರ ಹೆಸರು, ಸುಗ್ಗಿಯಲ್ಲಿ ಕೊಡುತ್ತೇನೆಂದು ಹೇಳಿದವರ ಹೆಬ್ಬೆಟ್ಟು, ಎಲ್ಲವೂ ಅದರಲ್ಲಿವೆ. ಅದಕ್ಕೂ ಹಿಂದಿನ ಹೊಲದ ಉತಾರದಲ್ಲಿ ಮುತ್ತಜ್ಜನ ಹೆಸರಿದೆ, ಅವನ ತಂದೆಯ ಹೆಸರಿದೆ, ಆದರೆ ಈ ಅಡ್ಡಹೆಸರಿಲ್ಲ. ಒಕ್ಕಲುತನವನ್ನೇ ನೆಚ್ಚಿದ್ದ ಮನೆಯೊಂದು ಸಂತೆಯ ವ್ಯಾಪಾರಕ್ಕೆ ಇಳಿದದ್ದು ಯಾವ ತಲೆಮಾರಿನಲ್ಲಿ ಎಂಬುದನ್ನು ನಾವು ತಿಳಿದದ್ದು ಈ ಹೆಸರಿನಿಂದಲೇ. ಅರಸರು ಶಾಸನ ಕೆತ್ತಿಸಿದರು. ನಮ್ಮಂಥ ಮನೆಗಳಿಗೆ ದಕ್ಕಿದ ಶಾಸನ ಇದೊಂದೇ.

ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಇಂಥ ಹೆಸರುಗಳು ಎಷ್ಟೊಂದಿವೆ! ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ, ಬಡಿಗೇರ, ಪತ್ತಾರ, ಹೂಗಾರ, ಹತ್ತಿ ಹಿಂಜುತ್ತಿದ್ದ ನದಾಫ, ಅತ್ತರು ಮಾರುತ್ತಿದ್ದ ಅತ್ತಾರ, ಮನೆಯ ಮುಂದಿನ ಮರವನ್ನೇ ಹೆಸರಾಗಿಸಿಕೊಂಡ ಹುಣಸಿಮರದ. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಗೊಳಿಸಿದರೂ, ಊರಿನ ಲೆಕ್ಕ ಬರೆದವರು ಯಾರೆಂಬುದನ್ನು ಕುಲಕರ್ಣಿ ಎಂಬ ಹೆಸರು ಇಂದಿಗೂ ಹೇಳುತ್ತದೆ. ಗಂಗೂಬಾಯಿಯವರು ಹಾನಗಲ್ಲನ್ನೂ ಮಲ್ಲಿಕಾರ್ಜುನರು ಮನಸೂರನ್ನೂ ತಮ್ಮ ಹೆಸರಿನೊಡನೆ ದೇಶವೆಲ್ಲ ಕೊಂಡೊಯ್ದರು. ಮೈಸೂರು ಸೀಮೆಯವರು ಊರನ್ನು ಹೆಸರಿನ ಮುಂದಿನ ಅಕ್ಷರದಲ್ಲಿಟ್ಟರು, ಕೆ.ವಿ. ಪುಟ್ಟಪ್ಪ ಎಂಬಲ್ಲಿಯ ಮೊದಲ ಅಕ್ಷರ ಕುಪ್ಪಳಿಯೇ. ಇಷ್ಟೆಲ್ಲ ಇರುವಾಗ ಆಫೀಸಿನ ನಾಲ್ವರು ನಕ್ಕರೆಂದು ಮನೆತನದ ಹೆಸರನ್ನೇ ಅಳಿಸಬೇಕೇ?

ಅಡ್ಡಹೆಸರಿನಿಂದ ಜಾತಿ ತಿಳಿಯುತ್ತದೆ, ಆದ್ದರಿಂದ ಬಿಡುವುದೇ ಒಳಿತು ಎನ್ನುವವರಿದ್ದಾರೆ. ಹೆಸರಿನ ಕಾರಣಕ್ಕೆ ಅವಮಾನ ಉಂಡವರು ಅದನ್ನು ಕಿತ್ತೊಗೆದರೆ ಒಂದು ಮಾತನ್ನೂ ಆಡುವ ಹಕ್ಕು ನನಗಿಲ್ಲ. ಆದರೆ ನಮ್ಮ ಹುಡುಗನ ಕಾರಣ ಅದಲ್ಲವೇ ಅಲ್ಲ. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಮೆಣಸಿನಕಾಯಿ ಎಂದರೆ ಬೆಂಗಳೂರಿನಲ್ಲಿ ಯಾರಿಗೆ ಯಾವ ಜಾತಿ ತಿಳಿಯುತ್ತದೆ? ಅವನಿಗಿರುವುದು ದುಡಿದು ತಿಂದವರ ಹೆಸರಿನ ಬಗೆಗಿನ ನಾಚಿಕೆ. ಅದನ್ನು ನಾನು ಒಪ್ಪಲಾರೆ.

ನನಗೆ ಇನ್ನೂ ಹೆಚ್ಚು ನೋವು ತರುವುದು ಹೆಳವರ ವಿಷಯ. ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು, ಈ ಮನೆಯ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಮಕ್ಕಳು, ಯಾರು ಎಲ್ಲಿಗೆ ಹೋಗಿ ನೆಲೆಸಿದರು ಎಂದು ತಲೆಮಾರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಆ ಜನರಿಗೆ ನಾವು ಕೊಟ್ಟದ್ದು ಒಂದಿಷ್ಟು ಕಾಳು, ಹಳೆಯ ಬಟ್ಟೆ. ಈಗ ಹಳ್ಳಿಯ ಮನೆಗಳಿಗೆ ಬೀಗ ಬಿದ್ದಿದೆ, ಹೆಳವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಹೊಸ ಕೂಸಿನ ಹೆಸರನ್ನು ತಮ್ಮ ಹೊತ್ತಿಗೆಗೆ ಸೇರಿಸಲು ಅವರು ಬಂದಾಗ ಯಾವ ಮನೆತನದಡಿ ಬರೆದುಕೊಳ್ಳಬೇಕು ಎಂದು ನಿನ್ನೆಯೇ ಅವನನ್ನು ಕೇಳಿದೆ. ಅವನು ಫೋನು ನೋಡುತ್ತ ಕುಳಿತ. ಮುಂದಿನ ಸುಗ್ಗಿಗೆ ಊರಿನ ಮನೆಯ ಬೀಗ ತೆಗೆಸಿ ಹೆಳವರಿಗೆ ಹೇಳಿಕಳಿಸುತ್ತೇನೆ. ಪ್ರಮಾಣಪತ್ರದಲ್ಲಿ ಏನೇ ಇರಲಿ, ಆ ಹೊತ್ತಿಗೆಯಲ್ಲಿ ಕೂಸಿನ ಪೂರ್ತಿ ಹೆಸರನ್ನು ನಾನೇ ಬರೆಸುತ್ತೇನೆ.