ಸತ್ಯಾಂಶ: ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾದರೆ ಹವಳ ಉಳಿಯುತ್ತದೆಯೇ?

‘ಅಕ್ರೊಪೊರಾ ಹವಳ ಬದುಕಬೇಕಾದರೆ ಅಕ್ವೇರಿಯಂನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಇರಲೇಬೇಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಇವು ಅತಿಯಾದರೆ ಪಾಚಿ ಹಬ್ಬುತ್ತದೆ, ಸರಿ. ಆದರೆ ಹವಳದ ಮೈಯೊಳಗೇ ಇದ್ದು ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮಪಾಚಿಗೂ ನೈಟ್ರೇಟ್, ಫಾಸ್ಫೇಟ್‌ನಲ್ಲಿರುವ ಸಾರಜನಕ, ರಂಜಕ ಬೇಕು. ಸಮುದ್ರದ ನೀರಲ್ಲಿ ಇವು ಕಡಿಮೆಯೇ. ಆದರೆ ಅಲ್ಲಿ ಹವಳಕ್ಕೆ ಆಹಾರವಾಗುವ ಪ್ಲವಕಗಳು (ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು) ಹಗಲಿರುಳು ಹರಿದು ಬರುತ್ತವೆ, ಗಾಜಿನ ತೊಟ್ಟಿಯಲ್ಲಿ ಬರುವುದಿಲ್ಲ. ಸೊನ್ನೆಗೆ ಇಳಿಸಿದರೆ ಹವಳ ಬಿಳಚಬಹುದು. ಕಂದು ಲೋಳೆಯಂಥ ಡೈನೋಫ್ಲ್ಯಾಜೆಲೇಟ್ ಎಂಬ ಏಕಕೋಶ ಜೀವಿ ಮರಳಿನ ಮೇಲೆ ಹರಡಬಹುದು; ಅದನ್ನು ತೊಲಗಿಸುವುದು ಪಾಚಿ ಕೆರೆಯುವುದಕ್ಕಿಂತ ದೊಡ್ಡ ತಲೆನೋವು.

ನೈಟ್ರೇಟ್ 2–10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.03–0.1 ಪಿಪಿಎಂ ಇರಲಿ. ಸೊನ್ನೆ ಕಂಡರೆ ಮೊದಲು ಫಾಸ್ಫೇಟ್ ಹೀರುವ ಜಿಎಫ್‌ಒ (ಕಬ್ಬಿಣದ ಆಕ್ಸೈಡ್ ಹರಳು) ತೆಗೆಯಿರಿ, ಕಲ್ಮಶವನ್ನು ನೊರೆಯಾಗಿ ಹೊರಹಾಕುವ ಸ್ಕಿಮ್ಮರ್ ಓಡುವ ಗಂಟೆ ತಗ್ಗಿಸಿ, ಮೀನಿಗೆ ತುಸು ಹೆಚ್ಚು ಆಹಾರ ಹಾಕಿ. ಹೆಚ್ಚಿದ್ದರೆ ವಾರಗಟ್ಟಲೆ ನಿಧಾನವಾಗಿ ಇಳಿಸಿ. ಜಿಎಫ್‌ಒ ಒಮ್ಮೆಲೇ ಸುರಿದರೆ ಅಂಗಾಂಶ ಕಳಚಿ ಬರಿ ಅಸ್ಥಿ ಉಳಿದೀತು.

ಅಂದಹಾಗೆ, ಕ್ಷಾರೀಯತೆಯ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿಯ) ಏರಿಳಿತವೂ ಅಕ್ರೊಪೊರಾವನ್ನು ಕೊಲ್ಲಬಲ್ಲದು. ಅದನ್ನು 8 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ) ಸುತ್ತ ನಿಲ್ಲಿಸಿ, ದಿನಕ್ಕೆ 0.5ಕ್ಕಿಂತ ಹೆಚ್ಚು ಕದಲದಂತೆ ನೋಡಿಕೊಳ್ಳಿ.