ಅಂಬಾಸಡರ್‌ಗೆ ಪೈಪ್ ಒಂದೇ ಸಾಲದು

ಹೊರಗಿನ ತಣ್ಣನೆ ಗಾಳಿಯನ್ನು ಎಂಜಿನ್ನಿಗೆ ತರುವ ಕೋಲ್ಡ್ ಏರ್ ಪೈಪ್ ಹಾಕಿದರೆ ಸಾಕು, ಹಳೇ ಪೆಟ್ರೋಲ್ ಅಂಬಾಸಡರ್ ಪಿಕಪ್ ಜಾಸ್ತಿಯಾಗುತ್ತದೆ ಅಂತ ಬರೆದಿದ್ದೀರಿ. ಒಪ್ಪುವುದಿಲ್ಲ. ಆ ಎಂಜಿನ್‌ನಲ್ಲಿ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಬದಿಯಲ್ಲೇ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಇದೆ. ಟ್ರಾಫಿಕ್‌ನಲ್ಲಿ ನಿಂತರೆ ಅದರ ಕಾವಿಗೆ ಕಾರ್ಬೊರೇಟರೇ ಬಿಸಿಯಾಗುತ್ತದೆ, ಪೈಪ್ ಏನು ಮಾಡೀತು? ಮೊದಲು ಇವೆರಡರ ಮಧ್ಯೆ ಕಾವು ತಡೆಯುವ ಹೀಟ್ ಶೀಲ್ಡ್ ಹಾಕಿಸಬೇಕು.

ಗಾಳಿ 10 ಡಿಗ್ರಿ ತಣ್ಣಗಾದರೆ ಸುಮಾರು 3% ದಟ್ಟವಾಗುತ್ತದೆ, ನಿಜ. ಆದರೆ ಕಾರ್ಬೊರೇಟರ್‌ಗೆ ಗಾಳಿ ಎಷ್ಟು ದಟ್ಟ ಅಂತ ತಿಳಿಯುವ ಸೆನ್ಸರ್ ಇಲ್ವಲ್ಲ! ಪೆಟ್ರೋಲ್ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಮಿಕ್ಸ್‌ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿಯಾಗುತ್ತದೆ. ಎಸ್‌ಯು ಕಂಪನಿಯ ಕಾರ್ಬೊರೇಟರ್ ಆದರೆ ಐಡ್ಲಿಂಗ್‌ನಲ್ಲಿ ಕಾರ್ಬೊರೇಟರ್ ಒಳಗಿನ ಪಿಸ್ಟನ್ ಚೂರೇ ಚೂರು ಎತ್ತಿ ನೋಡಿ. ಎಂಜಿನ್ ಆಫ್ ಆಗುವಂತಾದರೆ ಮಿಕ್ಸ್ಚರ್ ಲೀನ್ ಆಗಿದೆ ಅಂತ ಅರ್ಥ; ಪೆಟ್ರೋಲ್ ಹೆಚ್ಚು ಬರುವಂತೆ ಅದರ ಜೆಟ್ ನಟ್ ಸ್ವಲ್ಪ ಕೆಳಗಿಳಿಸಿ. ಮಡಿಕೇರಿಯ ಮಂಜಿಗೆ ಹೋಗುವಾಗಂತೂ ಪೈಪ್ ತೆಗೆದಿಡಿ. ಅಂಥ ತಂಪು, ತೇವದ ಗಾಳಿಗೆ ಕಾರ್ಬೊರೇಟರ್ ಒಳಗೇ ಐಸ್ ಕಟ್ಟಬಹುದು.