ಹಾರ ಯಾರ ಕೊರಳಿಗೆ?

ಇವತ್ತು ಒಂದು ಸಮಾರಂಭಕ್ಕೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ವಿಜ್ಞಾನ ಕ್ಷೇತ್ರದ ಮಹಿಳೆಯರ ಬಗ್ಗೆ ಭಾಷಣವಿತ್ತು. ಭಾಷಣಕಾರರು ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಅವರ ಹೆಸರನ್ನು ಒಂದೇ ಸಲ ಹೇಳಿದರು. ಉಳಿದ ಹೊತ್ತೆಲ್ಲ ಅವರಿಗೆ ಅವಕಾಶ ಮಾಡಿಕೊಟ್ಟ ಸಿ.ವಿ. ರಾಮನ್ ಅವರ ದೊಡ್ಡ ಮನಸ್ಸನ್ನೇ ಕೊಂಡಾಡಿದರು. ಸಭೆ ಚಪ್ಪಾಳೆ ತಟ್ಟಿತು. ಭೌತಶಾಸ್ತ್ರ ಪಾಠ ಮಾಡುತ್ತಲೇ ತಲೆಗೂದಲು ನೆರೆಸಿಕೊಂಡವಳು ನಾನು. ರಾಮನ್ ಎಂದರೆ ನನಗೆ ಎಷ್ಟು ಗೌರವ ಎಂಬುದು ನಿಮಗೆಲ್ಲ ಗೊತ್ತು. ಆದರೂ ಸುಮ್ಮನಿರಲು ಆಗುತ್ತಿಲ್ಲ.

ನಡೆದದ್ದು ಇಷ್ಟು. ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆಯೇ ಓದಿದ ಸಂಸ್ಥೆ ಅದು. ಹೆಣ್ಣು ಎಂಬ ಒಂದೇ ಕಾರಣಕ್ಕೆ, ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ರಾಮನ್ ಅರ್ಜಿಯನ್ನು ತಳ್ಳಿಹಾಕಿದರು. ಕಮಲಾ ಬಿಡಲಿಲ್ಲ, ಎದುರಿಗೇ ಹೋಗಿ ನಿಂತು ಪಟ್ಟು ಹಿಡಿದರು. ಕೊನೆಗೆ ಸೀಟು ಸಿಕ್ಕಿತು, ಷರತ್ತುಗಳ ಸಮೇತ. ಒಂದು ವರ್ಷ ಕಾಯಂ ವಿದ್ಯಾರ್ಥಿಯಲ್ಲ. ರಾಮನ್ ಅವರಿಗೆ ತೃಪ್ತಿಯಾಗುವ ತನಕ ಕೆಲಸಕ್ಕೆ ಮಾನ್ಯತೆಯಿಲ್ಲ. ಗಂಡಸರ ಗಮನ ಕೆಡಿಸಬಾರದು. ಯಾವ ಗಂಡಸಿಗೆ ಇಂಥ ಷರತ್ತು ಹಾಕಿದ್ದರು, ಹೇಳಿ? ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿ ಆ ವರ್ಷವನ್ನು ಗೆದ್ದ ಕಮಲಾ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು.

‘ಕಾಲವೇ ಹಾಗಿತ್ತು ಮೇಡಂ, ಆಮೇಲೆ ರಾಮನ್ ಬದಲಾದರಲ್ಲ’ ಎಂದರು ಪಕ್ಕದಲ್ಲಿ ಕುಳಿತಿದ್ದವರು. ಬದಲಾದರು, ನಿಜ. ಬದಲಾಯಿಸಿದವರು ಯಾರು? ಹಾರ ಅವರ ಕೊರಳಿಗೆ ಬೀಳಬೇಕಲ್ಲವೇ? ಇನ್ನು ಕಾಲದ ಮಾತು. ದೇಶದ ಮೊದಲ ಮಹಿಳಾ ಪದವೀಧರರಾದ ಕಾದಂಬಿನಿ ಮತ್ತು ಚಂದ್ರಮುಖಿ ಬಸು ಕಲ್ಕತ್ತ ವಿಶ್ವವಿದ್ಯಾಲಯದ ಪದವಿ ಪಡೆದದ್ದು 1883ರಲ್ಲಿ. ಅದಾಗಿ ಅರ್ಧ ಶತಮಾನವೇ ಕಳೆದಿತ್ತು. ಕಾಲದ ಮೇಲೆ ಹೊರೆ ಹಾಕುವುದು ಬೇಡ.

ಅನ್ನಾ ಮಣಿ ಅವರನ್ನು ನೆನೆದರಂತೂ ಕರುಳು ಚುರುಕ್ ಎನ್ನುತ್ತದೆ. 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿ ವಜ್ರ, ಮಾಣಿಕ್ಯಗಳು ಹೊಮ್ಮಿಸುವ ಬೆಳಕನ್ನು ಅಧ್ಯಯನ ಮಾಡಿದವರು ಅವರು. ಹರಳನ್ನು ದ್ರವಗಾಳಿಯ ಕಡುಚಳಿಯಲ್ಲಿಟ್ಟು, ಆ ಮಂದ ಬೆಳಕು ಫೋಟೋ ತಟ್ಟೆಯ ಮೇಲೆ ಮೂಡಲು 15–20 ಗಂಟೆ ಕಾಯಬೇಕಿತ್ತು. ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. ಐದು ಲೇಖನಗಳನ್ನು ಒಬ್ಬರೇ ಬರೆದು ಪ್ರಕಟಿಸಿದರು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರೆ, ಎಂ.ಎಸ್ಸಿ. ಆಗಿಲ್ಲ ಎಂದು ಪದವಿ ನಿರಾಕರಿಸಿದರು! ಮುಂದೆ ಹವಾಮಾನ ಇಲಾಖೆಯಲ್ಲಿ ದೇಶಕ್ಕೆ ಬೇಕಾದ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದ್ದು ಇದೇ ಅನ್ನಾ ಮಣಿ. ಇವತ್ತಿನ ಭಾಷಣದಲ್ಲಿ ಅವರ ಹೆಸರೇ ಬರಲಿಲ್ಲ.

1869ರಲ್ಲಿ ವೈದ್ಯಕೀಯ ಓದಲು ಸೇರಿಯೂ ಪದವಿ ಸಿಗದೆ ಹೋದ ಏಳು ಮಹಿಳೆಯರಿಗೆ ಎಡಿನ್‌ಬರಾ ವಿಶ್ವವಿದ್ಯಾಲಯ 2019ರಲ್ಲಿ ಮರಣೋತ್ತರವಾಗಿ ಗೌರವ ಪದವಿ ಕೊಟ್ಟಿತು. ಅನ್ನಾ ಮಣಿ ಅವರಿಗೂ ಅದು ಸಲ್ಲಬೇಕು. ಅವರ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲೇ ಇದೆ. ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಮನವಿ ಬರೆಯಲು ಕುಳಿತಿದ್ದೇನೆ. ಸಹಿ ಹಾಕುವವರು ತಿಳಿಸಿ.